ಖಾಲಿ ಬಿಟ್ಟ ಕಂಸ

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಮ್ಮೇದನ ಕಸುಬಿನವನು ಸಮ್ಮೇದ ಒಬ್ಬನೇ. ಇದು ಹೊಗಳಿಕೆಯಲ್ಲ. ಉಳಿದವರಿಗೆಲ್ಲ ಮನೆಯವರಿಗೆ ಅರ್ಥವಾಗುವಂಥ ಕೆಲಸಗಳಿದ್ದವು. ಅವನು ತವನಪ್ಪನ ಮೋಟರ್ ಸ್ಟಾರ್ಟರ್ ಅಂಗಡಿಯಲ್ಲಿ ತಿಂಗಳಿಗೆ ಆರೂವರೆ ಸಾವಿರಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದ. ಬರೆಯುವುದು ಮುಗಿದರೆ ಸ್ಕ್ರೂ ತಿರುವುತ್ತಿದ್ದ, ಸ್ಕ್ರೂ ಮುಗಿದರೆ ಚಹಾ ಹೇಳಿ ಬರುತ್ತಿದ್ದ. ಮೂರು ವರ್ಷದ ಡಿಪ್ಲೊಮಾವನ್ನು ನಾಲ್ಕೂವರೆ ವರ್ಷ ಓದಿದವನಾದ್ದರಿಂದ ತನಗೆ ಬೇರೆಯವರಿಗಿಂತ ಒಂದೂವರೆ ವರ್ಷದ ವಿದ್ಯೆ ಜಾಸ್ತಿ ಇದೆ ಎಂದು ಹೇಳಿಕೊಳ್ಳುತ್ತಿದ್ದ. ಅವನ ತಾಯಿ ಮಾತ್ರ ಬೀಗರು ಕೇಳಿದಾಗ “ಮೋಟರ ಅಂಗಡ್ಯಾಗ ಅದಾನ್ರಿ” ಎಂದು ಮಾತು ಮುಗಿಸಿಬಿಡುತ್ತಿದ್ದಳು.

ಅಂಗಡಿಯ ಹೆಮ್ಮೆಯೆಂದರೆ ಮಿಸ್ ಕಾಲ್ ಪ್ಯಾನೆಲ್. ಕಬ್ಬಿಣದ ಪೆಟ್ಟಿಗೆ, ಒಳಗೊಂದು ಬ್ಯಾಟರಿ, ಒಂದು ಸಿಮ್ ಕಾರ್ಡು, ಮೇಲೊಂದು ಕಿರುಬೆರಳಿನಷ್ಟು ಆಂಟೆನಾ. ಮೂರು ಫೇಜಿನ ಕರೆಂಟು ಬಂದ ತಕ್ಷಣ ಅದು ಮೋಟರನ್ನು ತಾನೇ ಚಾಲೂ ಮಾಡುತ್ತಿತ್ತು. ಮನೆಯಲ್ಲೇ ಕೂತು ಒಂದು ಮಿಸ್ ಕಾಲ್ ಕೊಟ್ಟರೆ ಮೋಟರನ್ನು ಅರ್ಧ ತಾಸು ತಡೆದೂ ಇಡುತ್ತಿತ್ತು. ಈ ತಡೆಯುವ ಉಪಾಯ ಸಮ್ಮೇದನದೇ, ಮತ್ತು ಅದನ್ನು ಅವನು ಕಂಡುಹಿಡಿದದ್ದು ಜಕ್ಕಪ್ಪ ಕಾಕಾನ ಸಲುವಾಗಿ.

ಜಕ್ಕಪ್ಪ ಕೃಷ್ಣೆಯ ದಂಡೆಯಲ್ಲಿ, ಚಿಕ್ಕೋಡಿಯಿಂದ ಇಪ್ಪತ್ತೆರಡು ಕಿಲೋಮೀಟರ್ ದೂರ, ರೈತರ ನೀರಾವರಿ ಸಂಘದ ಪಂಪ್‌ಹೌಸನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದವನು. ಹಿಂದಿನ ಮಳೆಗಾಲದಲ್ಲಿ ಪ್ಯಾನೆಲ್ ಕೂರಿಸಲು ಸಮ್ಮೇದ ಅಲ್ಲಿ ನಾಲ್ಕು ದಿನ ಇದ್ದ. ಜಕ್ಕಪ್ಪನ ಮನೆಯಿಂದ ಇಬ್ಬರಿಗೂ ರೊಟ್ಟಿ, ಶೇಂಗಾ ಹಿಂಡಿ ಬರುತ್ತಿತ್ತು. ಸಮ್ಮೇದ ಜೈನರ ಹುಡುಗ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ತಿಳಿದ ಮೇಲೆ, ಜಕ್ಕಪ್ಪ ಸಂಜೆಯಾದರೆ ಹೊಳೆಯ ಮೇಲಿನ ಬಿಸಿಲನ್ನೇ ಬೆರಳು ಹಿಡಿದು ಅಳೆಯುತ್ತ ನಿಲ್ಲುತ್ತಿದ್ದ. “ತಮ್ಮಾ, ಆ ವಾಯರ ಬಿಡೋ. ಇನ್ನ ನಾಕ ಬಟ್ಟ ಹೊತ್ತ ಉಳದೈತಿ, ಉಣ್ಣು” ಎನ್ನುತ್ತಿದ್ದ. ಮೂರನೆಯ ದಿನ ಹಸಿ ಕೈಯಲ್ಲಿ ಫ್ಯೂಜ್ ಕೀಳಲು ಹೋಗಿ ಆ ಮನುಷ್ಯ ಶಾಕ್ ಹೊಡೆಸಿಕೊಂಡು ಗೋಡೆಗೆ ಹೋಗಿ ಬಿದ್ದಿದ್ದ. ಅವತ್ತೇ ಸಮ್ಮೇದ ಮಾತು ಕೊಟ್ಟುಬಿಟ್ಟ. “ಕಾಕಾ, ಇನ್ನ ಫ್ಯೂಜ್ ಮುಟ್ಟಬ್ಯಾಡ್ರಿ. ಮೋಟರದಾಗ ಕೈ ಹಾಕೂದಿದ್ರ ಒಂದ ಮಿಸ್ ಕಾಲ್ ಕೊಡ್ರಿ. ಅರ್ಧಾ ತಾಸ ಅದು ಏನ ಮಾಡಿದ್ರೂ ಚಾಲೂ ಆಗದಂಗ ಮಾಡತೀನಿ.”

ಮಾತು ಕೊಟ್ಟ ಮೇಲೆ ಪ್ಯಾನೆಲಿನ ಬೋರ್ಡನ್ನು ಅಂಗಡಿಗೆ ತಂದು ಪ್ರೋಗ್ರಾಮ್ ಬರೆಯಬೇಕಾಯಿತು. ಬರೆದ.

2012ರ ಜನವರಿಯ ಆ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಜಕ್ಕಪ್ಪನ ಫೋನು ಬಂತು.

“ತಮ್ಮಾ, ಪಂಪಿನ ಶಾಫ್ಟ ಭಾಳ ಸೋರಾಕತ್ತೈತಿ. ಇವತ್ತ ದೋರಿ ಬದಲ ಮಾಡತೀನಿ.”

ದೋರಿಯೆಂದರೆ ತಿರುಗುವ ಶಾಫ್ಟಿನ ಸುತ್ತ ನೀರು ಸೋರದಂತೆ ಸುತ್ತುವ, ಗ್ರೀಸು ಹಚ್ಚಿದ ಹಗ್ಗ. ಅದನ್ನು ಸುತ್ತಬೇಕಾದರೆ ಹತ್ತೂ ಬೆರಳು ಶಾಫ್ಟಿನ ಬುಡಕ್ಕೆ ಹೋಗಬೇಕು.

“ಕರೆಂಟ ಹತ್ತಕ್ಕಲ್ರಿ ಕಾಕಾ ನಿಮ್ಮಲ್ಲಿ?”

“ಹತ್ತಕ್ಕ. ಹತ್ತಕ್ಕ ಹತ್ತ ನಿಮಿಷ ಇದ್ದಾಗ ನಿನ್ನ ಮಿಸ್ ಕಾಲ್ ಕೊಟ್ಟ ಕುಂಡ್ರತೀನಿ. ಫ್ಯೂಜ್ ತಗೀಬೇಕೇನ?”

“ಯಾಕ್ರಿ? ಅರ್ಧಾ ತಾಸ ಅದರಪ್ಪನ ಬಂದ್ರೂ ಚಾಲೂ ಆಗೂದಿಲ್ಲ” ಎಂದು ಸಮ್ಮೇದ ನಕ್ಕ. ಜಕ್ಕಪ್ಪನೂ ನಕ್ಕು ಫೋನಿಟ್ಟ.

ಕಾಗವಾಡಕ್ಕೆ ಹೋಗಬೇಕಿದ್ದ ಹೊಸ ಪ್ಯಾನೆಲ್ ಮೇಜಿನ ಮೇಲಿತ್ತು. ಸಮ್ಮೇದ ಅದಕ್ಕೆ ಮಿಸ್ ಕಾಲ್ ಕೊಟ್ಟು ತಡೆ ಹಾಕಿದ. ನಾಲ್ಕೇ ನಿಮಿಷಕ್ಕೆ ತಡೆ ಬಿಟ್ಟುಹೋಗಿ ಮೋಟರ್ ಚಾಲೂ ಮಾಡುವ ಒಳಗಿನ ರಿಲೇ ಟಕ್ ಎಂದಿತು. ನೋಡಿದರೆ ಆಂಟೆನಾ ಹಚ್ಚುವುದನ್ನೇ ಮರೆತಿದ್ದ. ‘ಶಾಣ್ಯಾ’ ಎಂದು ತನಗೆ ತಾನೇ ಅಂದುಕೊಂಡು ಆಂಟೆನಾವನ್ನು ಎರಡು ಸುತ್ತು ತಿರುವಿ ಮತ್ತೆ ಮಿಸ್ ಕಾಲ್ ಕೊಟ್ಟ. ಈ ಸಲ ಒಂಬತ್ತು ನಿಮಿಷಕ್ಕೆ ಟಕ್ ಎಂದಿತು.

ಆಂಟೆನಾಕ್ಕೂ ಹೊತ್ತಿಗೂ ಏನು ಸಂಬಂಧ?

ಅವನ ಕಣ್ಣು ಪ್ಯಾನೆಲಿನ ಸಣ್ಣ ಪರದೆಗೆ ಹೋಯಿತು. ಮೂಲೆಯಲ್ಲಿ ಮೊಬೈಲ್ ಸಿಗ್ನಲ್ ಎಷ್ಟಿದೆ ಎಂದು ತೋರಿಸುವ ಅಂಕಿ ಇತ್ತು. ಒಂಬತ್ತು. ಮೊದಲ ಸಲ ಎಷ್ಟಿತ್ತು? ನಾಲ್ಕು. ಆಗ ಅದನ್ನು ಕಂಡಿದ್ದ, ಕಂಡೂ ನೋಡಿರಲಿಲ್ಲ. ಆಂಟೆನಾವನ್ನು ಪೂರ್ತಿ ತಿರುವಿದ. ಅಂಗಡಿಯ ಬೆನ್ನಿಗೇ ಮೊಬೈಲ್ ಟವರ್ ಇತ್ತು. ಅಂಕಿ ಮೂವತ್ತಕ್ಕೆ ಹೋಗಿ ನಿಂತಿತು, ಒಮ್ಮೊಮ್ಮೆ ಮೂವತ್ತೊಂದು.

ಪರೀಕ್ಷೆ ಮಾಡುವಾಗೆಲ್ಲ ತಡೆ ಕೆಲವು ಸಲ ಮೂವತ್ತು ನಿಮಿಷಕ್ಕೆ, ಕೆಲವು ಸಲ ಮೂವತ್ತೊಂದಕ್ಕೆ ಬಿಡುತ್ತಿತ್ತು. ಆ ಒಂದು ನಿಮಿಷದ ತಪ್ಪನ್ನು ಅವನು ಗೋಡೆಯ ಗಡಿಯಾರದ ಮೇಲೆ ಹೊರಿಸಿ, ಗಡಿಯಾರದ ಸೆಲ್ ಕೂಡ ಬದಲಿಸಿದ್ದ.

ಕಂಪ್ಯೂಟರ್ ತೆರೆದು ಪ್ರೋಗ್ರಾಮಿನ ಆ ಸಾಲಿಗೆ ಹೋದ. ಹೋಗುವ ಮೊದಲೇ ಅವನಿಗೆ ಗೊತ್ತಿತ್ತು.

ಪ್ರೋಗ್ರಾಮಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಫಂಕ್ಷನ್ ಇರುತ್ತದೆ, ಒಂದೊಂದು ಆಳು ಇದ್ದಂತೆ. ಮಿಸ್ ಕಾಲ್‌ಗೆ ಕಾಯುವವನು ಒಬ್ಬ ಆಳು. ಅವನ ಕೈಗೆ ಸಮ್ಮೇದ ಇನ್ನೊಬ್ಬ ಆಳನ್ನು ಒಪ್ಪಿಸಿದ್ದ: ‘ಕಾಲ್ ಬಂದಾಗ ಇವನನ್ನು ಕೆಲಸಕ್ಕೆ ಹಚ್ಚು.’ ಹೀಗೆ ಒಪ್ಪಿಸುವಾಗ, ಇವನ ಕೈಗೆ ಏನೇನು ಕೊಟ್ಟು ಕಳಿಸಬೇಕು ಎಂದು ಒಂದು ಕಂಸದೊಳಗೆ ಮೊದಲೇ ಬರೆದಿಡಬೇಕು. ಮೊದಮೊದಲು ತಡೆಯುವ ಆಳಿಗೆ ಒಂದೇ ವಿಷಯ ಸಾಕಿತ್ತು, ಯಾವ ಮೋಟರು ಎಂಬುದು. ಆಮೇಲೆ ಎಷ್ಟು ನಿಮಿಷ ಎಂಬ ಎರಡನೆಯದನ್ನೂ ಕೇಳುವಂತೆ ಸಮ್ಮೇದ ಅವನನ್ನು ತಿದ್ದಿದ. ಕಾಯುವವನನ್ನು ತಿದ್ದುವುದು ಮರೆತ. ಆಗ ಪ್ರೋಗ್ರಾಮನ್ನು ಪರಿಶೀಲಿಸುವ ಕಂಪೈಲರ್ ತಕರಾರು ತೆಗೆಯಿತು: ಕಂಸದಲ್ಲಿ ಒಂದು ಎಂದು ಬರೆದಿದ್ದೀ, ನೀನು ಕಳಿಸಿದವನು ಎರಡು ಕೇಳುತ್ತಾನೆ.

ಅದು ಸಂಜೆ ಐದೂವರೆ. ಹೊರಗೆ ಟೆಂಪೊ ನಿಂತಿತ್ತು. “ಆತೇನಲೇ? ಸಂಘದ ಚೇರಮನ್ರಿಗೆ ಇವತ್ತ ಕಳಸತೀನಂತ ಹೇಳೀನಿ” ಎಂದು ತವನಪ್ಪ ಬಾಗಿಲಲ್ಲಿ ನಿಂತಿದ್ದ. ಸಮ್ಮೇದ ಕಂಸದೊಳಗಿದ್ದುದನ್ನು ಅಳಿಸಿಬಿಟ್ಟ. ಖಾಲಿ ಕಂಸವಿದ್ದರೆ ಆ ಹಳೆಯ ಭಾಷೆಯಲ್ಲಿ ‘ಏನಾದರೂ ನಡೆಯುತ್ತದೆ, ಕೇಳಬೇಡ’ ಎಂದು ಅರ್ಥ. ಕಂಪೈಲರ್ ಬಾಯಿ ಮುಚ್ಚಿತು. ಅವತ್ತು ಅದನ್ನವನು ಚಾಲಾಕಿ ಅಂದುಕೊಂಡಿದ್ದ.

ಹಾಗಾಗಿ ತಡೆಯುವ ಆಳಿಗೆ ನಿಮಿಷ ಎಷ್ಟೆಂದು ಯಾರೂ ಹೇಳಿಯೇ ಇರಲಿಲ್ಲ. ಅದೇ ಜಾಗದಲ್ಲಿ ಅದಕ್ಕಿಂತ ಮೊದಲಿನ ಕೆಲಸದಿಂದ ಯಾವ ಅಂಕಿ ಉಳಿದಿತ್ತೋ ಅದನ್ನೇ ಎತ್ತಿಕೊಂಡು ಅವನು ಹೊರಟಿದ್ದ. ಅದಕ್ಕಿಂತ ಮೊದಲಿನ ಕೆಲಸ, ಸಿಗ್ನಲ್ ಓದುವುದು.

ಹೊಳೆ ದಂಡೆಯಲ್ಲಿ ಸಿಗ್ನಲ್ ಎಷ್ಟು? ನಾಲ್ಕು ದಿನ ಅವನು ಅಲ್ಲಿ ಫೋನನ್ನು ಕಿಟಕಿಗೆ ಹಿಡಿದು ನಿಂತಿದ್ದ, ಪ್ಯಾನೆಲಿನ ಪರದೆಯನ್ನೂ ನೋಡಿದ್ದ. ಐದು. ಬಹಳವಾದರೆ ಆರು.

ಗಡಿಯಾರ ಒಂಬತ್ತೂ ಇಪ್ಪತ್ತೆರಡು ತೋರಿಸುತ್ತಿತ್ತು. ಹೊಸ ಸೆಲ್ಲು, ತಪ್ಪುವಂತಿರಲಿಲ್ಲ.

ಜಕ್ಕಪ್ಪನಿಗೆ ಫೋನು ಹಚ್ಚಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುಮಗಳ ದನಿ ಹೇಳಿತು. ಮತ್ತೆ ಹಚ್ಚಿದ, ಮತ್ತೆ ಅದೇ. ಪ್ಯಾನೆಲಿಗೆ ತಾನೇ ಮಿಸ್ ಕಾಲ್ ಕೊಡೋಣವೆಂದರೆ, ಜಕ್ಕಪ್ಪನ ನಂಬರ್ ಬಿಟ್ಟು ಬೇರೆ ಯಾರದನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭದ್ರತೆಗೆಂದು ಅದನ್ನೂ ಇವನೇ ಬರೆದಿದ್ದ, ಮತ್ತು ಇಡೀ ಪ್ರೋಗ್ರಾಮಿನಲ್ಲಿ ಅದೊಂದು ಮಾತ್ರ ಒಂದಿಷ್ಟೂ ತಪ್ಪಿಲ್ಲದೆ ಕೆಲಸ ಮಾಡುತ್ತಿತ್ತು.

ಉಳಿದವನು ಭೀಮಗೊಂಡ ಪಾಟೀಲ, ಸಂಘದ ಚೇರಮನ್. ಪಂಪ್‌ಹೌಸಿನಿಂದ ನಾಲ್ಕು ಕಿಲೋಮೀಟರ್ ಆಚೆಯ ಊರಲ್ಲಿ ಅವನ ಮನೆ. ಮೊದಲ ರಿಂಗಿಗೇ ಎತ್ತಿದ.

“ಏನ್ರಿ ಇಂಜಿನೀರ ಸಾಹೇಬ್ರ, ಬೆಳಬೆಳಿಗ್ಗೆ?”

ಸಮ್ಮೇದ ಬಾಯಿ ತೆರೆದ. ಹಿಂದೆ ತವನಪ್ಪ ಯಾರೊಂದಿಗೋ ಮಾತಾಡುತ್ತಿದ್ದ. ಭೀಮಗೊಂಡ ಇನ್ನೂ ಎರಡು ಪ್ಯಾನೆಲ್ ತಗೊಳ್ಳುವವನಿದ್ದ.

“ಏನಿಲ್ರಿ ಚೇರಮನ್ರ. ಜಕ್ಕಪ್ಪ ಕಾಕಾನ ಫೋನ ಹತ್ತವಲ್ದು. ಸ್ವಲ್ಪ ಫೋನ ಮಾಡಾಕ ಹೇಳತೀರೇನ್ರಿ? ಪ್ಯಾನೆಲ್ದು ಸಣ್ಣ ಕೆಲಸ ಇತ್ತು.”

“ಆತ ಬಿಡೋ. ಸಂಜಿಮುಂದ ಹೊಳಿ ಕಡೆ ಹೋಗವ ಅದೀನಿ, ಹೇಳತೀನಿ.”

“ಹೂಂರಿ” ಎಂದ ಸಮ್ಮೇದ, ಮತ್ತು ಫೋನಿಟ್ಟ. ಒಬ್ಬ ಮನುಷ್ಯನ ಕೈ ಹೋಗುವ ಹೊತ್ತಿನಲ್ಲಿ ತಾನು ‘ಹೂಂರಿ’ ಎಂದೆ ಎಂಬುದು ಅವನ ತಲೆಗೆ ಹೋಗಲು ಬೈಕಿಗೆ ಕಿಕ್ ಹೊಡೆಯುವಷ್ಟು ಹೊತ್ತು ಬೇಕಾಯಿತು.

ಬೈಕು ತವನಪ್ಪನದು, ಕೇಳದೇ ತಂದಿದ್ದ. ಅರವತ್ತು ದಾಟಿದರೆ ಹ್ಯಾಂಡಲ್ ನಡುಗುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎರಡೆರಡು ಗಾಡಿ ಎಳೆದುಕೊಂಡು ರಸ್ತೆ ತುಂಬ ಹೋಗುತ್ತಿದ್ದವು. ಒಂದನ್ನು ದಾಟಿದರೆ ಇನ್ನೊಂದು. ಅವನು ಲೆಕ್ಕ ಹಾಕುತ್ತಲೇ ಇದ್ದ. ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಮಿಸ್ ಕಾಲ್. ಐದು ನಿಮಿಷಕ್ಕೆ ತಡೆ ಬಿಡುತ್ತದೆ. ಆಗಿನ್ನೂ ಕರೆಂಟು ಇರುವುದಿಲ್ಲ, ಜಕ್ಕಪ್ಪನಿಗೆ ಏನೂ ಗೊತ್ತಾಗುವುದಿಲ್ಲ. ಹತ್ತಕ್ಕೆ ಕರೆಂಟು. ಕರೆಂಟು ಬಂದ ತಕ್ಷಣ ಮೋಟರು. ಎಪ್ಪತ್ತೈದು ಎಚ್‌ಪಿಯ ಮೋಟರು ಅದು, ಬೆರಳು ಯಾವುದು ದೋರಿ ಯಾವುದು ಎಂದು ನೋಡುವುದಿಲ್ಲ.

ಕಾಕಾ ಇವತ್ತಾದರೂ ತನ್ನ ಮಾತು ಕೇಳದೇ ಫ್ಯೂಜ್ ಕಿತ್ತಿರಲಿ ಎಂದು ಬೇಡಿಕೊಂಡ. ಆದರೆ ಜಕ್ಕಪ್ಪ ಮಾತು ಕೇಳುವ ಮನುಷ್ಯ.

ಏರಿನ ಮೇಲೆ ಟ್ರ್ಯಾಕ್ಟರೊಂದು ಅಡ್ಡ ನಿಂತು ದಾರಿ ಕಟ್ಟಿತ್ತು. ಒಂಬತ್ತೂ ನಲವತ್ತೊಂದು. ಜಕ್ಕಪ್ಪನ ಫೋನು ಈಗಲೂ ಹತ್ತಲಿಲ್ಲ. ಸಮ್ಮೇದ ಬೈಕಿನ ಮೇಲೆ ಕೂತೇ ಭೀಮಗೊಂಡನಿಗೆ ಮತ್ತೆ ಫೋನು ಹಚ್ಚಿದ. ಈ ಸಲ ಆರು ರಿಂಗಾಯಿತು.

“ಮತ್ತೇನೋ?”

“ಚೇರಮನ್ರ, ನಾ ಬರದದ್ದು ತಪ್ಪೈತ್ರಿ. ಮಿಸ್ ಕಾಲ್ ಕೊಟ್ರ ಅರ್ಧಾ ತಾಸ ನಿಲ್ಲೂದಿಲ್ಲ, ಐದ ನಿಮಿಷಕ್ಕ ಬಿಡತೈತಿ. ಕಾಕಾ ಶಾಫ್ಟಿನಾಗ ಕೈ ಹಾಕವರ ಅದಾರ. ಹತ್ತಕ್ಕ ಕರೆಂಟ ಬರತೈತ್ರಿ.”



“ಆಗಳೆ ಫೋನ ಮಾಡಿದಾಗ ಇದ ಗೊತ್ತಿತ್ತೇನ ನಿನಗ?”

“ಗೊತ್ತಿತ್ರಿ.”

ಭೀಮಗೊಂಡ ಬೈದದ್ದು ಅರ್ಧ ಮರಾಠಿ, ಅರ್ಧ ಕನ್ನಡ. ಬೈಗುಳ ಮುಗಿಯುವ ಮೊದಲೇ ಅವನು ಓಡತೊಡಗಿದ್ದು ಫೋನಿನಲ್ಲೇ ಕೇಳಿಸಿತು. ಯಾರನ್ನೋ ಕೂಗಿ ಗಾಡಿಯ ಕೀಲಿ ಕೇಳುತ್ತಿದ್ದ. ಕೀಲಿ ಸಿಗುತ್ತಿರಲಿಲ್ಲ. ಫೋನು ಕಟ್ಟಾಯಿತು.

ಸಮ್ಮೇದ ಬೈಕನ್ನು ರಸ್ತೆಯಿಂದ ಇಳಿಸಿ ಕಬ್ಬು ಕಡಿದ ಹೊಲದಲ್ಲಿ ನುಗ್ಗಿಸಿ ಆ ಕಡೆ ಹತ್ತಿದ. ಇನ್ನು ಏಳು ಕಿಲೋಮೀಟರ್ ಇತ್ತು ಅನ್ನುವಾಗ, ಎಡಗಡೆಯ ಬಾವಿಯೊಂದರ ಪೈಪು ಕೆಮ್ಮಿದಂತೆ ಸದ್ದು ಮಾಡಿ ನೀರು ಕಾರಿತು. ಅದರ ಮುಂದಿನ ಹೊಲದಲ್ಲಿ ಇನ್ನೊಂದು ಪೈಪು. ಬಲಗಡೆ ಇನ್ನೊಂದು. ಯಾರೂ ಇಲ್ಲದ ಹೊಲಗಳಲ್ಲಿ ಒಂದಾದ ಮೇಲೊಂದು ಮೋಟರುಗಳು ತಾವೇ ಚಾಲೂ ಆಗುತ್ತ ಹೋದವು. ಒಂಬತ್ತೂ ಐವತ್ತಾರು. ಕರೆಂಟು ನಾಲ್ಕು ನಿಮಿಷ ಮೊದಲೇ ಬಂದಿತ್ತು.

ಹೊಲಗಳಲ್ಲಿ ಬೆಳಗಿನ ಬಿಸಿಲಿಗೆ ಎಷ್ಟು ಚಂದ ನೀರು ಬೀಳುತ್ತಿತ್ತೆಂದರೆ, ಅವನು ಆ ಕಡೆ ನೋಡಲಾರದೆ ಎಕ್ಸಲರೇಟರ್ ತಿರುವಿದ.

ಪಂಪ್‌ಹೌಸಿನ ಮುಂದೆ ಭೀಮಗೊಂಡನ ಗಾಡಿ ಸ್ಟ್ಯಾಂಡ್ ಹಾಕದೇ ಅಡ್ಡ ಬಿದ್ದಿತ್ತು. ಒಳಗಿನಿಂದ ಮೋಟರಿನ ಸದ್ದಿಲ್ಲ. ಹೊಳೆಯ ಗಾಳಿ ತಗಡನ್ನು ಬಡಿಯುತ್ತಿತ್ತು, ಅಷ್ಟೇ. ಚಾಲೂ ಆಗಲೇ ಇಲ್ಲವೋ, ಚಾಲೂ ಆಗಿ ಯಾರೋ ನಿಲ್ಲಿಸಿದ್ದೋ? ಸಮ್ಮೇದನಿಗೆ ಬೈಕಿನಿಂದ ಇಳಿಯಲಿಕ್ಕೇ ಆಗಲಿಲ್ಲ. ಇಳಿದರೆ ಬಾಗಿಲವರೆಗೆ ಹೋಗಬೇಕು, ಹೋದರೆ ನೋಡಬೇಕು. ‘ಕಾಕಾ’ ಎಂದು ಕೂಗಿದ. ಕೊನೆಗೆ ಇಳಿದು ಹೋದ.

ಬಾಗಿಲಲ್ಲಿ ಮೊದಲು ಕಂಡದ್ದು ಶಾಫ್ಟು. ಅದರ ಸುತ್ತ ಕೆಂಪಗೆ ಏನೋ ಬಿಗಿದು ಸುತ್ತಿಕೊಂಡು, ಹರಿದು, ಅರ್ಧ ನೆಲಕ್ಕೆ ಜೋತಿತ್ತು. ಸಮ್ಮೇದ ಚೌಕಟ್ಟನ್ನು ಹಿಡಿದುಕೊಂಡ. ಮತ್ತೆ ನೋಡಿದಾಗ ಅದು ಟಾವೆಲ್ಲು. ಜಕ್ಕಪ್ಪ ಹೆಗಲ ಮೇಲೆ ಹಾಕಿಕೊಳ್ಳುವ ಕೆಂಪು ಟಾವೆಲ್ಲು.

ಜಕ್ಕಪ್ಪ ಆಚೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಗ್ರೀಸಿನಿಂದ ಕಪ್ಪಾದ ಕೈಗಳು. ಸಮ್ಮೇದ ಎಣಿಸಿದ. ಎಡಗೈ ಐದು. ಬಲಗೈ ಐದು. ಮತ್ತೊಮ್ಮೆ ಎಣಿಸಿದ.

“ಮೂರನೇ ಸುತ್ತಿನ ದೋರಿ ತಗೋಳಾಕ ಕೈ ಹೊರಗ ತಗದಿದ್ದೆ” ಎಂದ ಜಕ್ಕಪ್ಪ. “ಹೆಗಲಿಂದ ಟಾವೆಲ್ ಜಗ್ಗಿಕೊಂಡ ಹ್ವಾತು. ಆಮ್ಯಾಗ ನನಗ ಏಳಾಕ ಬರವಲ್ದು. ತಿರಗತಿತ್ತು, ನೋಡಕೋತ ಕುಂತೆ. ಚೇರಮನ್ರು ಬಂದ ಬಂದ್ ಮಾಡಿದ್ರು.”

ಭೀಮಗೊಂಡ ಪ್ಯಾನೆಲಿನ ಹಿಡಿಕೆಯ ಮೇಲೆ ಕೈ ಇಟ್ಟೇ ನಿಂತಿದ್ದ, ಬಿಟ್ಟರೆ ಮತ್ತೆ ಚಾಲೂ ಆದೀತು ಎಂಬಂತೆ. ಸಮ್ಮೇದನ ಕಡೆ ತಿರುಗಿ ನೋಡಲಿಲ್ಲ.

“ತಮ್ಮಾ” ಎಂದ ಜಕ್ಕಪ್ಪ, “ನಾನ ಮಿಸ್ ಕಾಲ್ ಸರಿ ಕೊಡಲಿಲ್ಲೇನೋ. ಒಂದ ರಿಂಗಿಗೆ ಕಟ್ ಮಾಡಿದೆ ಅನಸ್ತೈತಿ. ಎರಡ ರಿಂಗ ಬಿಡಬೇಕಾಗಿತ್ತೇನ? ನಿನಗ ಸುಳ್ಳ ತ್ರಾಸ ಆತು.”

ಬೈಗುಳಕ್ಕೆ, ಏಟಿಗೆ ಸಮ್ಮೇದ ತಯಾರಾಗಿ ಬಂದಿದ್ದ. ಇದಕ್ಕಲ್ಲ.

“ನೀವ ಸರಿ ಕೊಟ್ಟೀರಿ ಕಾಕಾ” ಎಂದ. “ಎಷ್ಟ ಹೊತ್ತ ನಿಲ್ಲಬೇಕಂತ ನಾ ಅದಕ ಹೇಳೇ ಇಲ್ಲ. ಹೇಳೋ ಜಾಗಾ ಖಾಲಿ ಬಿಟ್ಟೆ. ಬಿಟ್ಟದ್ದು ಗೊತ್ತಿದ್ದು ಬಿಟ್ಟೆ.”

ಜಕ್ಕಪ್ಪ ಅವನ ಮುಖವನ್ನು ನೋಡಿದ, ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

ಮಾತಾಡಿದವನು ಭೀಮಗೊಂಡ. “ಮೊದಲ ಫೋನ ಮಾಡಿದಾಗ ಇದ ಮಾತ ಹೇಳಿದ್ರ, ನಾ ಬಂದ ಇಂವನ ಜೋಡಿ ಚಾ ಕುಡದಿರತಿದ್ನಿ. ಇಂಥ ಪ್ಯಾನೆಲ್ ಇನ್ನ ಎಷ್ಟ ಕೊಟ್ಟೀರಿ?”

ಆ ಪ್ರಶ್ನೆ ಬರುವವರೆಗೂ ಸಮ್ಮೇದನಿಗೆ ಅದು ನೆನಪೇ ಆಗಿರಲಿಲ್ಲ. ಅವನ ಹೆದರಿಕೆಯಲ್ಲಿ ಒಂದೇ ಪಂಪ್‌ಹೌಸಿಗೆ ಜಾಗವಿತ್ತು. ಐಗಳಿಯಲ್ಲಿ ಎರಡು. ಅನಂತಪುರದಲ್ಲಿ ಒಂದು. ರಾಯಬಾಗದ ಹತ್ತಿರ ಎರಡು. ತೆಲಸಂಗದಲ್ಲಿ ಒಂದು, ದ್ರಾಕ್ಷಿ ತೋಟದ ಬಾವಿಯ ಮೇಲೆ. ಆರು ಕಡೆ ಆರು ಜನರಿಗೆ ಅವನೇ ನಕ್ಕು ಹೇಳಿ ಬಂದಿದ್ದ, ಫ್ಯೂಜ್ ಮುಟ್ಟಬೇಡಿ ಎಂದು.

ಅಷ್ಟರಲ್ಲಿ ತವನಪ್ಪನ ಫೋನು ಬಂತು. ಬೈಕು ಎಲ್ಲಿ ಎಂದು ಕೇಳಿದ. ಸಮ್ಮೇದ ಎಲ್ಲವನ್ನೂ ಹೇಳಿದ. ತವನಪ್ಪ ಕೆಟ್ಟವನಲ್ಲ. ಮೊದಲು “ಜಕ್ಕಪ್ಪಗೇನೂ ಆಗಿಲ್ಲಲ್ಲ?” ಎಂದೇ ಕೇಳಿದ. ಆಮೇಲೆ ದನಿ ಇಳಿಸಿದ. “ಉಳದವರಿಗೆ ತಪ್ಪ-ಗಿಪ್ಪ ಅನ್ನಬ್ಯಾಡ. ಸರ್ವಿಸ್ ಮಾಡೂದೈತಿ, ಎರಡ ದಿನಾ ಬಂದ್ ಇಡ್ರಿ ಅನ್ನು. ಸುಮ್ನ ಹೆದರಸಬ್ಯಾಡ.”

“ಸರ್ವಿಸ್ ಅಂದ್ರ ಸಂಜಿಮುಂದ ನೋಡೂಣು ಅಂತಾರ್ರಿ ಮಾಲಕ” ಎಂದ ಸಮ್ಮೇದ. “ನಾ ಈಗರೆ ನೋಡೇನಿ.”

“ನಿನ್ನ ನೌಕರಿ ನೋಡಕೊಲೇ.”

“ಹೂಂರಿ” ಎಂದ. ಅವತ್ತಿನ ಎರಡನೆಯ ಹೂಂರಿ ಅದು, ಆದರೆ ಈ ಸಲ ಫೋನು ಇಟ್ಟು ಅವನು ಮಾಡಿದ್ದು ಬೇರೆ. ಪಂಪ್‌ಹೌಸಿನಲ್ಲಿ ರೇಂಜ್ ಹೋಗಿ ಬಂದು ಮಾಡುತ್ತಿತ್ತು. ಮೇಲಿನ ರಸ್ತೆಗೆ ಹೋಗಬೇಕಿತ್ತು. ಬೈಕಿನ ಹತ್ತಿರ ಬಂದು ಕೀಲಿ ಹಾಕಲು ನೋಡಿದರೆ, ಕೀಲಿ ತೂತಿಗೆ ಹೋಗುತ್ತಿರಲಿಲ್ಲ.

“ನೀ ಹಿಂಗ ನಡಗಕೋತ ಗಾಡಿ ಹೊಡಿಯಾಕ ಬ್ಯಾರೆ, ಫೋನ ಮಾಡಾಕ ಬ್ಯಾರೆ ಹ್ಯಾಂಗ ಮಾಡತಿ?” ಹಿಂದೆ ಜಕ್ಕಪ್ಪ ಬಂದು ನಿಂತಿದ್ದ. ಗ್ರೀಸಿನ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. “ಗಾಡಿ ನೀ ಹೊಡಿ. ನಂಬರ ತೋರ್ಸು. ನಾ ಹಚ್ಚತೀನಿ.”

“ನೀವ ಕುಂಡ್ರ್ರಿ ಕಾಕಾ, ನಿಮಗ…”

“ಇಲ್ಲಿ ಕುಂತ್ರ ನನಗ ಅದು ತಿರಗೂದ ಕಾಣತೈತೋ.”

ಹೊರಟರು. ಜಕ್ಕಪ್ಪ ಒಂದು ಕೈಯಿಂದ ಸಮ್ಮೇದನ ಹೆಗಲು ಹಿಡಿದಿದ್ದ. ಆ ಕೈ ತನ್ನ ಹೆಗಲ ಮೇಲೆ ಇಡಿಯಾಗಿದೆ ಎಂಬುದನ್ನು ಸಮ್ಮೇದ ರಸ್ತೆಯ ಪ್ರತಿ ಗುಂಡಿಗೂ ಖಾತ್ರಿ ಮಾಡಿಕೊಳ್ಳುತ್ತಿದ್ದ.

“ಹಲೋ, ಐಗಳಿ ಏನ್ರಿ? ನಾ ಹೊಳಿ ಪಂಪ್‌ಹೌಸಿನ ಜಕ್ಕಪ್ಪರಿ. ಆ ಮಿಸ್ ಕಾಲ್ ಪ್ಯಾನೆಲ್ ಐತಲ್ಲ, ಅದನ್ನ ನಂಬಬ್ಯಾಡ್ರಿ. ಕೋಲಿಂದ ಸ್ವಿಚ್ ಕೆಳಗ ಮಾಡಿ, ಕೈ ಒಣಾ ಮಾಡಕೊಂಡ ಫ್ಯೂಜ್ ತಗೀರಿ. ಹೂಂ, ಈಗ. ಯಾಕಂದ್ರ…”

“ನನ್ನ ಹೆಸರ ಹೇಳ್ರಿ ಕಾಕಾ” ಎಂದು ಸಮ್ಮೇದ ಗಾಳಿಗೆ ಕೂಗಿದ. “ಸಮ್ಮೇದ ತಪ್ಪ ಬರದಾನ ಅನ್ರಿ. ಮಶೀನ್ ಕೆಟ್ಟೈತಿ ಅನ್ನಬ್ಯಾಡ್ರಿ, ನಾಳೆ ತಾನ ಸುದ್ದ ಆಗತೈತಿ ಅನಕೋತಾರ.”

“…ಯಾಕಂದ್ರ ಬರದಾಂವ ತಪ್ಪ ಬರದಾನ್ರಿ. ಸಮ್ಮೇದ. ಹೂಂ, ಇಲ್ಲೇ ಗಾಡಿ ಹೊಡ್ಯಾಕತ್ತಾನ. ಬೈತೀನಿ, ಬೈತೀನಿ. ಮೊದಲ ನೀವ ಫ್ಯೂಜ್ ತಗೀರಿ.”

ಐಗಳಿಯ ಇಬ್ಬರೂ ಸಿಕ್ಕರು. ಅನಂತಪುರದವನು ಫೋನು ಕಿವಿಗಿಟ್ಟುಕೊಂಡೇ ಹೋಗಿ ಫ್ಯೂಜ್ ಕಿತ್ತು, ಕಿತ್ತೆ ಎಂದು ಹೇಳಿದ. ರಾಯಬಾಗದ ಒಬ್ಬ ಸಿಕ್ಕ, ಇನ್ನೊಬ್ಬ ಊರಲ್ಲಿರಲಿಲ್ಲ, ಅವನ ಹೆಂಡತಿ ಮಂಗಲ ಹೊಲಕ್ಕೆ ಓಡಿದಳು. ಉಳಿದದ್ದು ತೆಲಸಂಗ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಜಕ್ಕಪ್ಪ ಮತ್ತೆ ಹಚ್ಚಿದ. ಮತ್ತೆ ಕಟ್ಟಾಯಿತು.

“ತೆಲಸಂಗಕ್ಕ ಎಷ್ಟ ದೂರ ಆಕ್ಕೈತಿ?”

“ಅಥಣಿ ದಾಟಿ ಹೋಗಬೇಕ್ರಿ. ಒಂದೂವರಿ ತಾಸ.”

“ನಡಿ ಮತ್ತ” ಎಂದ ಜಕ್ಕಪ್ಪ. “ನಾ ಹಚ್ಚಕೋತ ಇರತೀನಿ.”

ಅಥಣಿಯ ದಾರಿ ಹಿಡಿದು ನಾಲ್ಕು ಕಿಲೋಮೀಟರ್ ಹೋಗಿರಬೇಕು. ಹದಿನಾಲ್ಕನೆಯ ಸಲವೋ ಹದಿನೈದನೆಯ ಸಲವೋ ಆ ಕಡೆ ಯಾರೋ ಎತ್ತಿದರು. ಸಮ್ಮೇದ ಬೈಕನ್ನು ರಸ್ತೆಯ ಮಗ್ಗುಲಿಗೆ ನಿಲ್ಲಿಸಿದ. ಜಕ್ಕಪ್ಪ ಮಾತಾಡಲು ಬಾಯಿ ತೆರೆದವನು, ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ಫೋನನ್ನು ಸಮ್ಮೇದನ ಕಡೆ ಚಾಚಿದ.

“ಇದನ್ನ ನೀನ ಹೇಳು” ಎಂದ.

ಸಮ್ಮೇದ ಫೋನು ಕಿವಿಗಿಟ್ಟುಕೊಂಡ. ಗ್ರೀಸಿನ ವಾಸನೆ ಬಂತು. ಆ ಕಡೆ ತೋಟದವನ ಹೆಂಡತಿ ತಾರಾಬಾಯಿ, ಯಾರು ಯಾರು ಎಂದು ಕೇಳುತ್ತಿದ್ದಳು. ಮನೆಯವರು ಎಲ್ಲಿ ಎಂದು ಕೇಳಿದ. ಬಾವಿಯ ಕಡೆ ಹೋಗಿದ್ದಾರೆ, ಫೋನು ಮರೆತು ಹೋಗಿದ್ದಾರೆ ಎಂದಳು.

ಫೋನು ಮನೆಯಲ್ಲಿದೆ. ಅಂದರೆ, ಮನೆಯಿಂದಲೇ ಕೊಟ್ಟು ಹೋಗಿರದಿದ್ದರೆ, ಅವನು ಮಿಸ್ ಕಾಲ್ ಕೊಟ್ಟಿಲ್ಲ. ಅಂದರೆ ಅದನ್ನು ನಂಬಿ ಕೈ ಹಾಕಿಲ್ಲ. ಸಮ್ಮೇದ ಬೈಕಿಗೆ ಒರಗಿದ.

“ಅಕ್ಕಾರ, ನಾ ಚಿಕ್ಕೋಡಿ ಸಮ್ಮೇದ ಮಾತಾಡತೀನ್ರಿ” ಎಂದ. “ನಿಮ್ಮ ಪ್ಯಾನೆಲ್ದಾಗ ನಾ ತಪ್ಪ ಬರದೀನಿ. ಮನಿಯವರು ಬರೂತನಾ ಕಾಯಬ್ಯಾಡ್ರಿ. ನೀವ ಈಗ ಹೋಗ್ರಿ, ಹೋಗಿ ಅವರಿಗೆ ಹೇಳ್ರಿ. ನಾ ಫೋನ ಇಡೂದಿಲ್ಲ, ಹಿಡಕೊಂಡ ನಡೀರಿ.”

ಅವಳ ಚಪ್ಪಲಿಯ ಸದ್ದು ಕೇಳಿಸತೊಡಗಿತು. ಮೊದಲು ಅಂಗಳದ ಕಲ್ಲಿನ ಮೇಲೆ, ಆಮೇಲೆ ಮಣ್ಣಿನ ಮೇಲೆ. ಇಬ್ಬರೂ ಒಂದೇ ಫೋನಿಗೆ ತಲೆ ಕೊಟ್ಟು ನಿಂತು ಆ ಸದ್ದನ್ನು ಕೇಳಿದರು. ತೋಟ ಬಹಳ ದೂರವಿತ್ತೆಂದು ಕಾಣುತ್ತದೆ.